ಚಿಂತೆಯ ದೊಡ್ಡಪ್ಪನೂ ನನ್ನ ಮ್ಯಾನೇಜರಿಕೆಯೂ

ನಮ್ಮ ದೊಡ್ಡಪ್ಪನಷ್ಟು ಹೆದರುವ ಮನುಷ್ಯ ಭದ್ರಾವತಿಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಇದ್ದರೂ ಅವರು ಮನೆಬಿಟ್ಟು ಹೊರಗೆ ಬಂದಿರಲಾರರು, ಹಾಗಾಗಿ ನಮಗೆ ಗೊತ್ತಾಗಿಲ್ಲ. ದೊಡ್ಡಪ್ಪ ಶಿವಮೊಗ್ಗದ ನಮ್ಮ ಮನೆಗೆ ಹೊರಟರೆ, ಬಸ್ಸು ಮಲವಗೊಪ್ಪ ತಲುಪುವಷ್ಟರಲ್ಲಿ ಗ್ಯಾಸ್ ಆಫ್ ಆಗಿದೆಯೋ ಇಲ್ಲವೋ ಎಂಬ ಅನುಮಾನ ಶುರುವಾಗುತ್ತದೆ. ದೊಡ್ಡಮ್ಮ ಮನೆಯಲ್ಲೇ ಇರುತ್ತಾರೆ. ಆದರೂ ಫೋನು.

"ಗ್ಯಾಸ್ ಆಫ್ ಮಾಡಿದ್ದೀಯೇನೇ?"

"ಆಫ್ ಮಾಡಿದರೆ ಸಾರು ಕುದಿಯೋದು ಹೇಗೆ?" ಎಂದು ದೊಡ್ಡಮ್ಮ ಫೋನ್ ಇಡುತ್ತಾರೆ. ಅಲ್ಲಿಂದ ಶಿವಮೊಗ್ಗದವರೆಗೆ ದೊಡ್ಡಪ್ಪನಿಗೆ ಸಾರು ಉಕ್ಕುವ ಚಿಂತೆ.

ಇಂಥವರು ಒಂದು ಸಣ್ಣ ಫೌಂಡ್ರಿಯಲ್ಲಿ, ಕೆಂಪಗೆ ಕಾದ ಕಬ್ಬಿಣದ ಮಧ್ಯೆ, ವರ್ಷಗಟ್ಟಲೆ ಮ್ಯಾನೇಜರ್ ಆಗಿದ್ದರು ಎಂದರೆ ನಂಬುತ್ತೀರಾ? ದಿನಾ ಬೆಳಗ್ಗೆ ಕುಲುಮೆ ಹಚ್ಚುವ ಮುಂಚೆ ಒಂದು ಸುತ್ತು ಹಾಕಿ ಎಲ್ಲರನ್ನೂ "ಏನು ಸರಿ ಇಲ್ಲ?" ಎಂದು ಕೇಳುತ್ತಿದ್ದರಂತೆ. "ಎಲ್ಲಾ ಸರಿ ಇದೆ ಸರ್" ಎಂದವರನ್ನು ಅನುಮಾನದಿಂದ ನೋಡುತ್ತಿದ್ದರಂತೆ. ಒಬ್ಬರಾದರೂ ದೂರು ಹೇಳಿದ ಮೇಲೆಯೇ ಅವರಿಗೆ ತಿಂಡಿ ರುಚಿಸುತ್ತಿದ್ದದ್ದು.

ನಾನು ಕೆಲಸ ಮಾಡುವ ಬೇಕರಿ ಕಂಪನಿಯಲ್ಲಿ ನನ್ನನ್ನು ಮ್ಯಾನೇಜರ್ ಮಾಡಿದಾಗ ಬಂಧುಗಳೆಲ್ಲ ಸ್ವೀಟ್ ಕೇಳಿದರು. ದೊಡ್ಡಪ್ಪ ಮಾತ್ರ, "ರಾತ್ರಿ ನಿದ್ದೆ ಬರ್ತಿದೆಯೇನಮ್ಮ?" ಎಂದರು.

"ಚೆನ್ನಾಗಿ ಬರ್ತಿದೆ."

"ಹಾಗಾದ್ರೆ ನಿನಗಿನ್ನೂ ಕೆಲಸ ಅರ್ಥ ಆಗಿಲ್ಲ."

ಅರ್ಥವಾಗುವ ಕಾಲ ಬೇಗನೇ ಬಂತು. ನಮ್ಮ ದೊಡ್ಡ ಬೇಕರಿ ಇರುವುದು ಶಿವಮೊಗ್ಗದಲ್ಲಿ. ಭದ್ರಾವತಿಯಲ್ಲಿ ಬನ್ನು, ರಸ್ಕು ಮಾಡುವ ಸಣ್ಣದೊಂದು ಘಟಕವಿತ್ತು. ಅದನ್ನು ಮುಚ್ಚಿ ಅಲ್ಲಿಯವರನ್ನೆಲ್ಲ ಶಿವಮೊಗ್ಗಕ್ಕೆ ಕರೆಸಿಕೊಳ್ಳಬೇಕೆಂದು ಮಾಲೀಕರು ತೀರ್ಮಾನಿಸಿದರು. "ಮೇಡಂ, ಮದುವೆ ಸೀಸನ್ ಮುಗಿಯೋವರೆಗೂ ಬಾಯಿ ಬಿಡಬೇಡಿ. ಈಗಲೇ ಹೇಳಿದ್ರೆ ಅರ್ಧ ಜನ ಬಿಟ್ಟು ಹೋಗ್ತಾರೆ" ಎಂದರು.

ಬಾಯಿ ಬಿಡದೇ ಇರುವುದು ಸುಲಭ ಎಂದುಕೊಂಡಿದ್ದೆ. ಆದರೆ ಭದ್ರಾವತಿಗೆ ಹೋದಾಗಲೆಲ್ಲ ಪ್ಯಾಕಿಂಗ್ ನೋಡಿಕೊಳ್ಳುವ ಸೆಲ್ವಿ, "ಮೇಡಂ, ಹೊಸ ಟ್ರೇ ಯಾವಾಗ ಬರುತ್ತೆ?" ಎನ್ನುವರು. "ನೋಡೋಣ" ಎನ್ನುವೆ. ಹಾಗೆಂದ ಮೇಲೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಯಾರೋ ಬಂದು ಕಟ್ಟಡಕ್ಕೆ ಟೇಪು ಹಿಡಿದು ಅಳತೆ ಮಾಡಿ ಹೋದರಂತೆ; ಅಂದಿನಿಂದ ನಾನು ಒಳಗೆ ಕಾಲಿಟ್ಟರೆ ಸಾಕು, ಮಾತು ನಿಲ್ಲುತ್ತಿತ್ತು. ನನಗೆ ಊಟ ಸೇರದಾಯಿತು. ಸೀದಾ ದೊಡ್ಡಪ್ಪನ ಮನೆಗೆ ಹೋದೆ.

ಪೂರ್ತಿ ಕೇಳಿದ ದೊಡ್ಡಪ್ಪ, "ಸೋಮವಾರವೇ ಹೇಳಿಬಿಡು" ಎಂದರು.

"ಮಾಲೀಕರು ಬೇಡ ಅಂದಿದ್ದಾರೆ."

"ಮೊದಲು ಅವರನ್ನ ಒಪ್ಪಿಸು. ಟೀ ಅಂಗಡಿಯಿಂದ ಸುದ್ದಿ ಗೊತ್ತಾದ್ರೆ ಅರ್ಧ ಅಲ್ಲ, ಎಲ್ಲರೂ ಹೋಗ್ತಾರೆ ಅಂತ ಹೆದರಿಸು. ಹೆದರಿಸೋಕೆ ಬರದಿದ್ರೆ ಫೋನ್ ನನ್ನ ಕೈಗೆ ಕೊಡು."

ಹೆದರಿಕೆಯ ವಿಷಯದಲ್ಲಿ ಅವರಿಗಿಂತ ಅನುಭವಿ ಯಾರಿದ್ದಾರೆ? ಆದರೂ ನಾನೇ ಮಾತಾಡಿದೆ. ಬಹಳ ಹೊತ್ತು ಗೊಣಗಿ ಮಾಲೀಕರು, "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ತಲೆ ಮೇಲೆ" ಎಂದು ಒಪ್ಪಿದರು.

ಆಮೇಲೆ ನಡೆದದ್ದು ರಿಹರ್ಸಲ್. ದೊಡ್ಡಪ್ಪನೇ ಕೆಲಸಗಾರ, ನಾನು ಮ್ಯಾನೇಜರ್. "ನಿಂತು ಭಾಷಣ ಮಾಡಬೇಡ, ಅವರ ಜೊತೆ ಕೂತ್ಕೋ. ಮೊದಲನೇ ಮಾತಲ್ಲೇ ವಿಷಯ ಹೇಳು. ನಾವೆಲ್ಲ ಒಂದು ಕುಟುಂಬ ಅಂತ ಮಾತ್ರ ಶುರು ಮಾಡಬೇಡ ಮಾರಾಯ್ತಿ, ಕುಟುಂಬ ಅಂದ ಕೂಡಲೇ ಕೆಲಸ ಹೋಯ್ತು ಅಂತ ಜನಕ್ಕೆ ತಿಳಿಯುತ್ತೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು. ಹೇಳಿ ಆದ ಮೇಲೆ ಎದ್ದು ಓಡಬೇಡ. ಅವರು ಬೈದು ಮುಗಿಸೋವರೆಗೂ ಕೂತಿರು."

ನಾನು ವಿಷಯ ಹೇಳಿದ್ದೇ ತಡ, ದೊಡ್ಡಪ್ಪ ಪಾತ್ರದೊಳಗೆ ಪೂರ್ತಿ ಇಳಿದರು. "ನನ್ನ ಮಗಳನ್ನ ಸ್ಕೂಲ್ ಬಿಡಿಸ್ಲಾ?" ಎಂದು ಮೇಜು ಗುದ್ದಿದರು. ಅವರಿಗೆ ಮಗಳೇ ಇಲ್ಲ. ಪಕ್ಕದ ಗ್ಯಾರೇಜಿನ ಬಾಷಾ ಸಾಹೇಬರು ಗ್ರೀಸ್ ಕೈಯಲ್ಲೇ ಓಡಿ ಬಂದರು. "ಏನಾಯ್ತು ಸರ್?"

"ನನ್ನ ಕೆಲಸ ಹೋಯ್ತು ಬಾಷಾ" ಎಂದರು ದೊಡ್ಡಪ್ಪ, ಇನ್ನೂ ಏದುಸಿರು ಬಿಡುತ್ತ.

"ಅದು ಹೋಗಿ ಎಷ್ಟು ವರ್ಷ ಆಯ್ತಲ್ಲ ಸರ್" ಎಂದರು ಪಾಪ ಬಾಷಾ ಸಾಹೇಬರು.

ಸೋಮವಾರ ಎಲ್ಲರನ್ನೂ ಪ್ಯಾಕಿಂಗ್ ಕೋಣೆಯಲ್ಲಿ ಕೂರಿಸಿ, ನಾನೂ ಕೂತೆ. ಮೊದಲನೇ ಮಾತಲ್ಲೇ ಹೇಳಿದೆ. ಯಾರೂ ಕೂಗಾಡಲಿಲ್ಲ, ಕೂಗಾಡಿದ್ದರೆ ಸಲೀಸಾಗಿತ್ತು, ಅದಕ್ಕೆ ತಯಾರಿ ಆಗಿತ್ತಲ್ಲ. ಸೆಲ್ವಿ ನಿಧಾನವಾಗಿ, "ಬೆಳಗ್ಗೆ ಐದಕ್ಕೆ ಶಿವಮೊಗ್ಗದಲ್ಲಿ ಇರಬೇಕು ಅಂದ್ರೆ ಯಾವ ಬಸ್ಸಿಗೆ ಬರೋದು ಮೇಡಂ?" ಎಂದರು.

"ಗೊತ್ತಿಲ್ಲ. ನಾಳೆ ತಿಳ್ಕೊಂಡು ಬಂದು ಹೇಳ್ತೀನಿ."

"ಅದೂ ಗೊತ್ತಿಲ್ಲದೆ ಮುಚ್ಚೋಕೆ ಹೊರಟ್ರಾ?"

ಬನ್ನು ಬೇಯಿಸುವ ಭಟ್ಟಿ ನೋಡಿಕೊಳ್ಳುವ ಹಿರಿಯರೊಬ್ಬರು ಎದ್ದು ಹೊರಗೆ ಹೋದರು. ನಾನು ಎದ್ದು ಓಡದೆ ಕೂತಿದ್ದೆ. ಒಬ್ಬೊಬ್ಬರಾಗಿ ಮಾತಾಡಿದರು. ಬೈದರು. ಕೇಳಿದೆ.

ಆಮೇಲಿನದು ಹೇಳಿಬಿಡುತ್ತೇನೆ. ಮಾರನೇ ದಿನ ಮತ್ತೆ ಹೋದೆ. ಭದ್ರಾವತಿ ಅಂಗಡಿಗಳಿಗೆ ಮಾಲು ಇಳಿಸಿ ಖಾಲಿ ಬರುವ ನಮ್ಮ ವ್ಯಾನಿನಲ್ಲಿ ಜನರನ್ನು ಕರೆತರುವುದೆಂದೂ, ಅವರ ಪಾಳಿ ತಡವಾಗಿ ಶುರುವಾಗುವುದೆಂದೂ ಮಾಲೀಕರನ್ನು ಒಪ್ಪಿಸಿದೆ. ಹೆಚ್ಚಿನವರು ಬಂದರು. ಎದ್ದು ಹೋದ ಹಿರಿಯರು ಬರಲಿಲ್ಲ. ಸೆಲ್ವಿ ಬಂದರು, ಆದರೆ ಬಹಳ ದಿನ ಕೆಲಸದ ಮಾತು ಬಿಟ್ಟು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅದು ಅವರ ಹಕ್ಕು.

ಆ ಸೋಮವಾರ ಮೀಟಿಂಗ್ ಮುಗಿಸಿ ಹೊರಗೆ ಬಂದಾಗ ನೆತ್ತಿ ಸುಡುವ ಬಿಸಿಲು. ರಸ್ತೆಯ ಆಚೆ, ಬಾಗಿಲು ಹಾಕಿದ ಅಂಗಡಿಯ ಮುಂದೆ ದೊಡ್ಡಪ್ಪ ನಿಂತಿದ್ದರು. ಬೆಳಗ್ಗೆಯಿಂದ ಅಲ್ಲೇ ಇದ್ದರಂತೆ, ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೆಲಸಗಾರರು ಏನೇನು ಬೈದರು, ಎಷ್ಟು ಜನ ಕೆಲಸ ಬಿಡುತ್ತಾರೆ ಎಂದೆಲ್ಲ ಕೇಳುತ್ತಾರೆಂದುಕೊಂಡೆ.

"ನೀನು ಹೇಗಿದ್ದೀಯಮ್ಮ?" ಎಂದರು.

ಅಲ್ಲಿಯವರೆಗೆ ತಡೆದಿದ್ದ ಅಳು ಬಂದೇಬಿಟ್ಟಿತು.

"ಫೌಂಡ್ರಿ ಮುಚ್ಚಿದಾಗ ಗೇಟಲ್ಲಿ ನಿಂತು ಎಲ್ಲರಿಗೂ ಹೇಳಿದ್ದು ನಾನೇ" ಎಂದರು ಅವರು, ರಸ್ತೆಯ ಕಡೆ ನೋಡುತ್ತ. "ಹೇಳಿ ಮುಗಿಸಿ, ಮನೆಗೆ ಹೋಗೋಕಾಗದೆ ಸೇತುವೆ ಹತ್ರ ಕೂತಿದ್ದೆ. ಯಾರಾದ್ರೂ ಒಬ್ಬರು ಬಂದು ಕೇಳಿದ್ರೆ ಸಾಕಿತ್ತು ಅನ್ನಿಸ್ತಿತ್ತು."

ರಸ್ತೆ ದಾಟಲು ಅವರ ಕೈ ಹಿಡಿದುಕೊಂಡೆ. ಕಾಲಿಡುವ ಮುಂಚೆ ಅವರು ಎರಡೂ ಕಡೆ ಮೂರು ಮೂರು ಸಲ ನೋಡಿದರು.