ಖಾಲಿ ಡಬ್ಬಿಯ ಭಾರ

ಖಾಲಿ ಡಬ್ಬಿಗಿಂತ ಭಾರವಾದ ವಸ್ತು ಈ ಪ್ರಪಂಚದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅನುಮಾನವಿದ್ದವರು, ಪಕ್ಕದ ಮನೆಯಿಂದ ಪಲ್ಯ ತುಂಬಿಕೊಂಡು ಬಂದ ಸ್ಟೀಲ್ ಡಬ್ಬಿಯನ್ನು ತೊಳೆದು, ಒರೆಸಿ, ಹಾಗೇ ವಾಪಸು ಕೊಡಲು ಹೊರಟು ನೋಡಲಿ. ಕೈ ಏಳುವುದಿಲ್ಲ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂದು ನಮ್ಮಲ್ಲಿ ಯಾರು, ಯಾವ ಕಾಲದಲ್ಲಿ ಹೇಳಿದರೋ ಗೊತ್ತಿಲ್ಲ. ಹೇಳಿದವರು ಅಡುಗೆ ಮಾಡುವವರಂತೂ ಅಲ್ಲ, ಕೂತು ತಿನ್ನುವವರೇ ಇರಬೇಕು. ಅಂದರೆ ನನ್ನಂಥವರು.

ನಾವು ಬಾಡಿಗೆಗಿರುವುದು ಬೊಮ್ಮಸಂದ್ರದ ಹತ್ತಿರ, ಜಯಮ್ಮನವರ ಮನೆಯ ಮಹಡಿಯಲ್ಲಿ. ಹಿಂದೆ ಅವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆದಾರರನ್ನು ಬೆಳೆಯುತ್ತಾರೆ. ನಾವು ಬಂದ ಹೊಸದರಲ್ಲಿ ಅವರು ಒಂದು ಡಬ್ಬಿ ಅವರೆಕಾಳಿನ ಸಾರು ಕಳಿಸಿದರು. ನನ್ನ ಹೆಂಡತಿ ವಾಣಿ ಅದೇ ಡಬ್ಬಿಗೆ ಕೇಸರಿಬಾತ್ ಹಾಕಿ ಕೆಳಗೆ ಕಳಿಸಿದಳು. ಸಾರಿಗೆ ಕೇಸರಿಬಾತ್ ಬಂದ ಮೇಲೆ ಜಯಮ್ಮ ಸುಮ್ಮನಿರುವುದುಂಟೇ? ಒಬ್ಬಟ್ಟು ಹತ್ತಿ ಬಂತು. ಒಬ್ಬಟ್ಟಿಗೆ ಉತ್ತರವಾಗಿ ಕರ್ಜಿಕಾಯಿ ಇಳಿದು ಹೋಯಿತು. ಕರ್ಜಿಕಾಯಿಗೆ ಚಿರೋಟಿ. ಈ ಮೇಲಾಟದಲ್ಲಿ ನನ್ನ ಪಾತ್ರ ತಿನ್ನುವುದಷ್ಟೇ ಆದ್ದರಿಂದ ನನಗೆ ಯಾವ ತಕರಾರೂ ಇರಲಿಲ್ಲ. ಔಷಧಿ ಫ್ಯಾಕ್ಟರಿಯಲ್ಲಿ ಮಾತ್ರೆಗಳ ಗುಣಮಟ್ಟ ನೋಡುವ ವಾಣಿ ಮಾತ್ರ, ಸಂಜೆ ಕಂಪನಿ ಬಸ್ಸಿಳಿದು ಬಂದವಳೇ ಚಪ್ಪಲಿ ಬಿಡುವ ಮೊದಲು ಕೇಳುತ್ತಿದ್ದಳು: "ರೀ, ಡಬ್ಬಿ ಯಾರ ಮನೇಲಿದೆ?" ನಮ್ಮ ಮನೆಯಲ್ಲೇ ಇದೆ ಎಂದರೆ ಅವಳ ಮುಖ ಬಾಡಿಹೋಗುತ್ತಿತ್ತು.

ಇನ್ನು ನನ್ನ ಕೆಲಸ. ಅದನ್ನು ಜಯಮ್ಮನವರಿಗೆ ವಿವರಿಸಲು ಒಮ್ಮೆ ಪ್ರಯತ್ನಪಟ್ಟಿದ್ದೆ. "ಫೋನಲ್ಲಿ ಆಡೋ ಆಟ ಅಮ್ಮ. ಅದರಲ್ಲಿ ಊರುಗಳಿರ್ತವೆ, ರಾಗಿ ಇರುತ್ತೆ. ಯಾರ ರಾಗಿ ಯಾರಿಗೆ ಹೋಗ್ಬೇಕು ಅಂತ ನಾನು ಗೊತ್ತುಮಾಡ್ತೀನಿ."

"ಊರು ನಿಜವಾಗ್ಲೂ ಐತಾ?"

"ಇಲ್ಲ."

"ರಾಗಿ?"

"ಅದೂ ಇಲ್ಲ."

ಜಯಮ್ಮ "ಸಂಬ್ಳನಾದ್ರೂ ಇರೋದೇ ಕೊಡ್ತಾರೇನಪ್ಪ?" ಎಂದರು. ಮನೆ ಮಾಲೀಕರಾಗಿ ಅವರು ಕೇಳಬೇಕಾದ ಪ್ರಶ್ನೆಯೇ ಅದು.

ಆಟದ ಹೆಸರು 'ಹೋಬಳಿ'. ನೂರಾರು ಜನ ಒಟ್ಟಿಗೆ ಆಡುವಂಥದ್ದು. ಒಬ್ಬೊಬ್ಬರಿಗೆ ಒಂದೊಂದು ಊರು. ಒಂದೂರಿನಲ್ಲಿ ರಾಗಿ, ಇನ್ನೊಂದರಲ್ಲಿ ಮರ, ಮತ್ತೊಂದರಲ್ಲಿ ಕಲ್ಲು. ಕೊಟ್ಟು ತಂದು, ಕೋಟೆ ಕಟ್ಟಿ, ಕೊನೆಗೆ ದೊಡ್ಡ ಕೆರೆಗಾಗಿ ಹೊಡೆದಾಡಬೇಕು. ಆದರೆ ಪರೀಕ್ಷೆಗೆಂದು ಆಡಲು ಕೂತವರು ಒಬ್ಬರಿಗೊಬ್ಬರು ಒಂದು ಹಿಡಿ ರಾಗಿ ಕೊಡಲಿಲ್ಲ. ಎಲ್ಲರೂ ಕಣಜ ತುಂಬಿಕೊಂಡು ಬಾಗಿಲು ಹಾಕಿ ಕೂತರು. ಕೊಡುವುದಕ್ಕೆ ಜನರನ್ನು ಹುರಿದುಂಬಿಸುವುದು ಹೇಗೆ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಮಹಡಿಗೆ ಚಿರೋಟಿ ಬಂತು. ಅದನ್ನು ಮುರಿಯುತ್ತಿದ್ದಂತೆ ತಲೆಯಲ್ಲಿ ದೀಪ ಹತ್ತಿತು. ಮರುದಿನವೇ ಹೊಸ ನಿಯಮ ಬರೆದೆ: ಸಾಮಾನು ತಂದ ಎತ್ತಿನ ಗಾಡಿ ಖಾಲಿ ಹಿಂದಿರುಗುವಂತಿಲ್ಲ. ಬಂದದ್ದಕ್ಕಿಂತ ಹೆಚ್ಚು ತುಂಬಿ ಕಳಿಸಿದರೆ ಆ ಊರಿಗೆ 'ಮರ್ಯಾದೆ' ಅಂಕ ಏರುತ್ತದೆ, ಕಡಿಮೆ ಕಳಿಸಿದರೆ ಇಳಿಯುತ್ತದೆ. ಬರೆದು ಮುಗಿಸಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಬೇರೆ ದೇಶದಲ್ಲಿ ಈ ನಿಯಮದಿಂದ ಏನಾಗುತ್ತಿತ್ತೋ ಕಾಣೆ. ನಮ್ಮವರ ಕೈಗೆ ಸಿಕ್ಕಿ ಅದು ಹಬ್ಬವಾಗಿಬಿಟ್ಟಿತು. ಒಬ್ಬ ಒಂದು ಗಾಡಿ ರಾಗಿ ಕಳಿಸಿದರೆ ಇನ್ನೊಬ್ಬ ಎರಡು ಗಾಡಿ ಮರ ಕಳಿಸಿದ. ಅದಕ್ಕೆ ಮೂರು ಗಾಡಿ ಕಲ್ಲು ಬಂತು. ಕೆಲವೇ ದಿನದಲ್ಲಿ ಇದ್ದಬದ್ದದ್ದೆಲ್ಲ ಗಾಡಿ ಹತ್ತಿ ದಾರಿಯಲ್ಲಿತ್ತು. ಹೊಸೂರು ರಸ್ತೆಯ ಸಂಜೆಯ ಟ್ರಾಫಿಕ್ಕಿನಂತೆ ಗಾಡಿಗಳು ಸಾಲುಗಟ್ಟಿ ನಿಂತವು. ಕೋಟೆ ಕಟ್ಟಲು ಕಲ್ಲಿಲ್ಲ, ಯುದ್ಧಕ್ಕೆ ಪುರುಸೊತ್ತಿಲ್ಲ, ಊರಿಗೆ ಊರೇ ಉಪವಾಸ. ಆಟ ಪರೀಕ್ಷಿಸುವ ತಂಡದ ಬಸವರಾಜ ಬಾಗಲಕೋಟೆ ಕಡೆಯವನು, ನನ್ನ ಮೇಜಿನ ಹತ್ತಿರ ಬಂದು ಬಹಳ ಗಂಭೀರವಾಗಿ ವರದಿ ಒಪ್ಪಿಸಿದ: "ಸರ, ನಮ್ಮೂರಾಗ ಮಂದಿಗೆ ಉಣ್ಣಾಕ ಕೂಳಿಲ್ರಿ. ಆದ್ರ ಮರ್ಯಾದಿ ಭಾಳ ಐತ್ರಿ."

ನಮ್ಮ ಮ್ಯಾನೇಜರ್ ಕಿರಣ್ ನನಗಿಂತ ಚಿಕ್ಕವನು. ಅವನು ನಗಲಿಲ್ಲ. "ಗುರು, ಇದೇನು ಸ್ಟ್ರಾಟೆಜಿ ಗೇಮಾ, ಬೀಗರ ಔತಣನಾ? ಶುಕ್ರವಾರ ಮೇಲಿನವರು ನೋಡ್ತಾರೆ. ಇದೇ ಥರ ಇದ್ರೆ ಹೋಬಳಿ ಕ್ಲೋಸ್. ನಮ್ಮನ್ನೆಲ್ಲ ರಮ್ಮಿ ಟೀಮಿಗೆ ಹಾಕ್ತಾರೆ" ಎಂದ. ಎರಡು ವರ್ಷ ಆ ಇಲ್ಲದ ಊರುಗಳ ಜೊತೆ ಬದುಕಿದ್ದೆ. ಅಲ್ಲಿನ ಒಂದೊಂದು ಕಣಜವೂ ನನಗೆ ಗೊತ್ತು. ಅವೆಲ್ಲ ನನ್ನ ಚಿರೋಟಿ ಬುದ್ಧಿಯಿಂದ ಮುಳುಗುವುದನ್ನು ನೆನೆದರೆ ಅಳುವೇ ಬರುತ್ತಿತ್ತು. ನಿಯಮವನ್ನೇ ಕಿತ್ತುಹಾಕಿದರೆ ಜನ ಮತ್ತೆ ಬಾಗಿಲು ಹಾಕಿಕೊಳ್ಳುತ್ತಾರೆ. ಇಟ್ಟುಕೊಂಡರೆ ಬೀದಿಗೆ ಬೀಳುತ್ತಾರೆ.

ಗುರುವಾರ ಬೆಳಿಗ್ಗೆ ಮನೆಯಲ್ಲಿ ಬೇರೆ ರಾದ್ಧಾಂತ. ಜಯಮ್ಮನ ಡಬ್ಬಿ ಅಡುಗೆಮನೆ ಕಟ್ಟೆಯ ಮೇಲೆ ನಾಲ್ಕು ದಿನದಿಂದ ಕೂತಿತ್ತು. ವಾಣಿಯ ಬಸ್ಸು ಮೂಲೆಯಲ್ಲಿ ಹಾರನ್ ಹೊಡೆಯುತ್ತಿತ್ತು. ಅವಳು ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಒಂದು ಚಮಚ ಸಕ್ಕರೆ ತೆಗೆದು ಅದರೊಳಗೆ ಸುರಿದು, ಮುಚ್ಚಳ ಒತ್ತಿ ನನ್ನ ಕೈಗಿಟ್ಟಳು. "ಕೊಟ್ಬಿಡಿ. ನನ್ ಕೈಲಾಗಲ್ಲ ಇನ್ನು."

"ಚಿರೋಟಿಗೆ ಸಕ್ಕರೆನಾ? ಏನಂದ್ಕೊಳ್ಳಲ್ಲ ಅವರು?"

"ಏನಾದ್ರೂ ಅಂದ್ಕೊಳ್ಳಲಿ. ಖಾಲಿ ಅಂತೂ ಅಲ್ಲ" ಎನ್ನುತ್ತಾ ಮೆಟ್ಟಿಲಿಳಿದು ಓಡಿದಳು.

ನಾನು ಜಯಮ್ಮನ ಬಾಗಿಲಲ್ಲಿ ಕಳ್ಳನ ಹಾಗೆ ನಿಂತೆ. ಮನೆ ಖಾಲಿ ಮಾಡಿ ಎಂದರೆ ಯಾವ ಕಡೆ ಹುಡುಕುವುದು, ಆನೇಕಲ್ ಕಡೆಯೋ ಅತ್ತಿಬೆಲೆ ಕಡೆಯೋ ಎಂದು ಕೂಡ ಯೋಚಿಸಿಬಿಟ್ಟಿದ್ದೆ. ಜಯಮ್ಮ ಮುಚ್ಚಳ ತೆಗೆದರು. ಒಳಗೆ ನೋಡಿದರು. ಮತ್ತೆ ನೋಡಿ, ಬಾಗಿಲ ಚೌಕಟ್ಟಿಗೆ ಒರಗಿ ನಕ್ಕರು.

"ಅಬ್ಬಾ! ಬದುಕ್ದೆ ಕಣಪ್ಪ. ಮಂಡಿನೋವು ಇಟ್ಕೊಂಡು ಆ ಚಿರೋಟಿ ಲಟ್ಟಿಸಿ ಲಟ್ಟಿಸಿ ಸಾಕಾಗೋಗಿತ್ತು. ನಿನ್ನೆಂಡ್ತಿ ನಿಲ್ಸ್ಲಿ ಅಂತ ನಾನು, ನಾನು ನಿಲ್ಸ್ಲಿ ಅಂತ ಅವ್ಳು. ಇನ್ಮೇಲೆ ಇಂಗೇ ಇರ್ಲಿ, ಆಯ್ತಾ?"

ನಾನು ಆಫೀಸಿಗೆ ಬೈಕಿನಲ್ಲಿ ಹೋದೆನೋ ಹಾರಿಕೊಂಡು ಹೋದೆನೋ ನೆನಪಿಲ್ಲ. ಹೋದವನೇ ನಿಯಮ ತಿದ್ದಿದೆ. ಗಾಡಿ ಖಾಲಿ ಹಿಂದಿರುಗುವಂತಿಲ್ಲ, ನಿಜ. ಆದರೆ ಆಟಕ್ಕೆ ಹೊಸದಾಗಿ ಸೇರಿಸಿದ ಸಕ್ಕರೆ ಒಂದು ಹಿಡಿ ಹಾಕಿ ಕಳಿಸಿದರೆ ಸಾಕು, ಮರ್ಯಾದೆ ಪೂರ್ತಿ. ಅದಕ್ಕಿಂತ ಹೆಚ್ಚು ತುಂಬಿದರೂ ಅಂಕ ಅಷ್ಟೇ. ಸಂಜೆಯ ಹೊತ್ತಿಗೆ ರಸ್ತೆ ತೆರವಾಯಿತು. ರಾಗಿ ಕಣಜ ಸೇರಿತು, ಊರುಗಳು ಉಂಡವು, ಬೇಕಾದವರು ಬೇಕಾದಷ್ಟೇ ಕೊಟ್ಟು ತಂದರು. ಶುಕ್ರವಾರ ಮೇಲಿನವರ ಕಣ್ಣೆದುರಿಗೇ, ಹೊಟ್ಟೆ ತುಂಬಿದ ಬಸವರಾಜ ಕೆರೆಗೆ ಮುತ್ತಿಗೆ ಹಾಕಿದ. ಆಟಕ್ಕೆ ಒಪ್ಪಿಗೆ ಸಿಕ್ಕಿತು. ಕಿರಣ್ "ಸಕ್ಕತ್ ಗುರು!" ಎಂದು ತಬ್ಬಿಕೊಂಡ. ಬಹಳ ದಿನಗಳ ಮೇಲೆ ಆ ರಾತ್ರಿ ನಾನು ಕಂಬಳಿ ಹೊದ್ದು ಸುಖವಾಗಿ ಮಲಗಿದೆ. ವಾಣಿ ನನಗಿಂತ ಮೊದಲೇ ಗೊರಕೆ ಹೊಡೆಯುತ್ತಿದ್ದಳು.

ನಾಲಿಗೆಗೆ ಮಾತ್ರ ಈ ಸುಧಾರಣೆಯ ಸುದ್ದಿ ಮುಟ್ಟಿರಲಿಲ್ಲ. ಎರಡು ವಾರ ಬರೀ ತಿಳಿಸಾರು ಉಂಡ ಮೇಲೆ ಅದು ಹಟ ಹಿಡಿಯಿತು. ಕಳೆದ ಭಾನುವಾರ ನಾನು ವಾಣಿಗೆ ಗೊತ್ತಾಗದಂತೆ ಬೇಕರಿಯಿಂದ ಬಾದಾಮಿ ಹಲ್ವ ತಂದು, ನಮ್ಮದೇ ದೊಡ್ಡ ಡಬ್ಬಿಗೆ ತುಂಬಿ, ನಾನೇ ಕೆಳಗೆ ಕೊಟ್ಟು ಬಂದೆ. ಹಲ್ವಕ್ಕೆ ಎದುರಾಗಿ ಒಬ್ಬಟ್ಟಿಗಿಂತ ಕಡಿಮೆ ಬರಲಾರದು ಎಂಬುದು ನನ್ನ ವೃತ್ತಿಪರ ಲೆಕ್ಕಾಚಾರ. ಮಧ್ಯಾಹ್ನ ಡಬ್ಬಿ ಮೇಲೆ ಬಂತು. ಬಾಗಿಲಲ್ಲೇ ಕಸಿದುಕೊಂಡು ಮುಚ್ಚಳ ತೆಗೆದೆ.

"ಏನ್ರೀ ಬಂದಿದೆ ಅದರಲ್ಲಿ?" ಎಂದು ಒಳಗಿನಿಂದ ವಾಣಿ ಕೂಗಿದಳು.

ಡಬ್ಬಿಯ ತಳದಲ್ಲಿ ಒಂದು ಚಮಚ ಸಕ್ಕರೆಯಿತ್ತು.

"ನನ್ನ ರೂಲು" ಎಂದೆ.