ಉಚಿತ ಅವಧಿಯ ಮದುವೆ

ವಿವಾಹ ನೋಂದಣಿ ಕಚೇರಿಯ ಏಕೈಕ ಕಂಪ್ಯೂಟರಿಗೆ ವೈರಸ್ ತಗುಲಿದೆ ಎಂಬ ವಿಷಯವನ್ನು ಕಚೇರಿಗೆ ಮೊದಲು ತಿಳಿಸಿದ್ದು ಆ ಕಂಪ್ಯೂಟರೇ. ಊಟದ ವಿರಾಮದಲ್ಲಿ ನೋಂದಣಾಧಿಕಾರಿಗಳು ಬೋಳುತಲೆಯಲ್ಲಿ ಕೂದಲು ಬೆಳೆಸುವ ಎಣ್ಣೆಯೊಂದರ ಜಾಹೀರಾತನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಒತ್ತಿ ಪರಿಶೀಲಿಸುತ್ತಿದ್ದಾಗ ಪರದೆಯೆಲ್ಲ ಕೆಂಪಾಯಿತು, ಸೈರನ್ ಕೂಗಿತು, ಈ ಪ್ರಕಟಣೆ ಮೂಡಿತು: "ಅಪಾಯ! ನಿಮ್ಮ ಕಂಪ್ಯೂಟರಿನಲ್ಲಿ ವೈರಸ್‌ಗಳು ಪತ್ತೆಯಾಗಿವೆ. ಆಫ್ ಮಾಡಬೇಡಿ. ಕೂಡಲೇ ಕೆಳಗಿನ ಸಂಖ್ಯೆಗೆ ಕರೆ ಮಾಡಿ."

ಇದು ಮೋಸವಿರಬಹುದೆಂದು ಸಂಶಯಪಡಲು ಅಧಿಕಾರಿಗಳಿಗೆ ಕಾರಣವೇ ಇರಲಿಲ್ಲ. ಅದರಲ್ಲಿ ಗುರಾಣಿಯ ಲಾಂಛನವಿತ್ತು, ಗಡುವಿತ್ತು, ಬೆದರಿಕೆಯಿತ್ತು. ಮೇಲಿನ ಕಚೇರಿಯ ಸುತ್ತೋಲೆಗಳಲ್ಲೂ ಇವೆಲ್ಲ ಒಟ್ಟಿಗೆ ಸಿಗುವುದು ಅಪರೂಪ. ಅವರು ಕರೆ ಮಾಡಿದರು. ಮೊದಲ ರಿಂಗಿಗೇ ಯಾರೋ ಎತ್ತಿ, ನಮಸ್ಕಾರ ಹೇಳಿ, ಊಟ ಆಯಿತಾ ಎಂದು ವಿಚಾರಿಸಿದರು. ಅಷ್ಟು ವರ್ಷಗಳ ಸೇವೆಯಲ್ಲಿ ಅವರ ಕರೆಗೆ ಅಂಥ ಮರ್ಯಾದೆ ಯಾವ ಕಚೇರಿಯಿಂದಲೂ ಸಿಕ್ಕಿರಲಿಲ್ಲ. ಹಾಗಾಗಿ ಆ ಧ್ವನಿ ಹೇಳಿದ್ದನ್ನೆಲ್ಲ ಒತ್ತಿದರು, ಕೇಳಿದ ತಪಾಸಣಾ ಶುಲ್ಕವನ್ನು ಕುರ್ಚಿ ದುರಸ್ತಿಯ ಬಾಬ್ತಿನಿಂದ ಕಟ್ಟಿದರು. 'ಮಹಾರಕ್ಷಕ' ಎಂಬ ತಂತ್ರಾಂಶ ಕಂಪ್ಯೂಟರಿನೊಳಗೆ ಬಂದು ನೆಲೆಸಿತು. ಒಂದು ದಿನದ ಮಟ್ಟಿಗೆ ಬಂದ ನೆಂಟರು ಮನೆಮಂದಿಯನ್ನೆಲ್ಲ ಕರೆಸಿಕೊಳ್ಳುವಂತೆ ಅದು ತನ್ನ ಬಳಗವನ್ನೂ ಕರೆಸಿಕೊಂಡಿತು. ಅಂದಿನಿಂದ ಏನು ತೆರೆದರೂ ಅದರ ಮೇಲೊಂದು ಜಾಹೀರಾತು, ಆ ಜಾಹೀರಾತಿನ ಮೇಲೊಂದು ಎಚ್ಚರಿಕೆ.

ಇವನ್ನು ತೆಗೆಸಲು ಅನುಮತಿ ಕೋರಿ ಮೇಲಿನ ಕಚೇರಿಗೆ ಬರೆಯಲಾಯಿತು. ಎಚ್ಚರಿಕೆಯನ್ನು ತೆಗೆಯುವ ಮುನ್ನ ಎಚ್ಚರಿಕೆ ಕೊಟ್ಟವರ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು ಎಂದು ಉತ್ತರ ಬಂತು. ಈ ನಡುವೆ ಕಚೇರಿಯ ಜವಾನನಿಗೆ ಹೊಸ ಕೆಲಸ ಸಿಕ್ಕಿತು. ಜಾಹೀರಾತಿನ ಮೂಲೆಯಲ್ಲಿರುವ ಪುಟ್ಟ ಗುಣಿಸು ಚಿಹ್ನೆ ಕೈ ಹತ್ತಿರ ಹೋದಂತೆ ಪಕ್ಕಕ್ಕೆ ಓಡುತ್ತಿತ್ತು. ಅದನ್ನು ಅಟ್ಟಿಸಿಕೊಂಡು ಹೋಗಿ ಒತ್ತುವ ಚುರುಕು ಅವನ ಬೆರಳಿಗಿತ್ತು. ಚಹಾ ಖರ್ಚಿಗೆಂದು ಜನ ಏನಾದರೂ ಕೊಟ್ಟಾಗ ಬೆರಳು ಇನ್ನಷ್ಟು ಚುರುಕಾಗುತ್ತಿತ್ತು.

ಇಂಥ ಸುವ್ಯವಸ್ಥೆಯ ನಡುವೆ ಒಂದು ಮಧ್ಯಾಹ್ನ ಬಸ್ ಕಂಡಕ್ಟರನೊಬ್ಬನೂ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳೂ ಮದುವೆಯಾಗಲು ಬಂದರು. ಸಾಕ್ಷಿಗೆ ಹುಡುಗಿಯನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಬಂದಿದ್ದರು. ಕಂಡಕ್ಟರನನ್ನು ದೂರದ ಡಿಪೋಗೆ ವರ್ಗ ಮಾಡಲಾಗಿತ್ತು. ಇದೇ ಊರಿನಲ್ಲಿ ದುಡಿಯುವ ಹೆಂಡತಿ ಇದ್ದಾಳೆಂಬ ದಾಖಲೆಯನ್ನು ಆ ಸಂಜೆಯೊಳಗೆ ಕೊಟ್ಟರೆ ವರ್ಗಾವಣೆ ರದ್ದು. ಇಲ್ಲವಾದರೆ ಮರುದಿನವೇ ಗಂಟುಮೂಟೆ ಕಟ್ಟಬೇಕು. ಹುಡುಗಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ನೋಂದಣಿಯ ವೇಳೆ ಪರದೆಯಲ್ಲಿ ಕಾಣುವುದನ್ನೆಲ್ಲ ವಧೂವರರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರ ಉತ್ತರ ಪಡೆಯತಕ್ಕದ್ದು ಎಂಬುದು ಹಳೆಯ ನಿಯಮ. ಅಧಿಕಾರಿಗಳು ಕನ್ನಡಕ ಸರಿಮಾಡಿಕೊಂಡು ವರನ ಕಡೆ ತಿರುಗಿದರು.

"ನಿಮ್ಮ ಸಮೀಪದಲ್ಲೇ ಇರುವ ಒಂಟಿ ಮಹಿಳೆಯರು ನಿಮಗಾಗಿ ಕಾಯುತ್ತಿದ್ದಾರೆ. ಭೇಟಿಯಾಗಲು ಇಷ್ಟವಿದೆಯೇ?"

"ಬೇಡ ಸಾರ್," ಎಂದ ಕಂಡಕ್ಟರ್.

"ಆತುರ ಬೇಡ. ಯೋಚಿಸಿ ಹೇಳಿ."

"ಯೋಚಿಸೋಕೆ ಏನಿದೆ ಸಾರ್, ಇಲ್ಲೇ ಪಕ್ಕದಲ್ಲಿ ಕೂತಿದ್ದಾಳೆ."

ಆ ಒಂಟಿ ಮಹಿಳೆಯರು ಯಾರು, ಇವನಿಗೇ ಯಾಕೆ ಕಾಯುತ್ತಿದ್ದಾರೆ ಎಂದು ಚಿಕ್ಕಮ್ಮ ವಿಚಾರಿಸಿದರು. ಒಪ್ಪಿದವರಿಗೆ ಮಾತ್ರ ವಿವರ ಕೊಡಲಾಗುವುದೆಂದು ಅಧಿಕಾರಿಗಳು ತಿಳಿಸಿದರು. ಚಿಕ್ಕಮ್ಮ ಕಂಡಕ್ಟರನನ್ನು ಅಡಿಯಿಂದ ಮುಡಿಯವರೆಗೆ ಇನ್ನೊಮ್ಮೆ ನೋಡಿದರು. ಮುಂದೆ, ವಾರದಲ್ಲಿ ಹೊಟ್ಟೆಯ ಬೊಜ್ಜು ಕರಗಿಸುವ ಪುಡಿ ಬೇಕೇ ಎಂದು ವಧುವನ್ನು ಕೇಳಲಾಯಿತು. ಅಂಥ ಪುಡಿ ಇದ್ದಿದ್ದರೆ ನಮ್ಮ ಅಂಗಡಿಯ ಮಾಲೀಕರೇ ಮೊದಲು ತಿನ್ನುತ್ತಿದ್ದರು ಎಂದಳು. 'ವಧು ನಿರಾಕರಿಸಿದ್ದಾರೆ' ಎಂದು ಬರೆದುಕೊಳ್ಳಲಾಯಿತು.

"ಈ ಪುಟದಿಂದ ಹೊರಹೋಗಲು ಖಚಿತವಾಗಿ ಬಯಸುವಿರಾ? ಮಾಡಿದ ಬದಲಾವಣೆಗಳು ಉಳಿಯದೇ ಹೋಗಬಹುದು."

ಇದು ಯಾರನ್ನು ಕುರಿತ ಪ್ರಶ್ನೆ ಎಂದು ಯಾರಿಗೂ ತಿಳಿಯಲಿಲ್ಲ. ಚಿಕ್ಕಮ್ಮ ಹುಡುಗಿಯ ಕಡೆ ತಿರುಗಿದರು.

"ನಮ್ಮ ಮದುವೆಯಲ್ಲಿ ಈ ಮಾತು ಯಾರೂ ಹೇಳಲಿಲ್ಲ. ನಿಮ್ಮ ಚಿಕ್ಕಪ್ಪನಲ್ಲಿ ನಾನು ಮಾಡಿದ ಒಂದು ಬದಲಾವಣೆನೂ ಉಳಿದಿಲ್ಲ."

ಗೋಡೆ ಗಡಿಯಾರ ಕಚೇರಿ ಮುಚ್ಚುವ ಹೊತ್ತನ್ನು ಸಮೀಪಿಸುತ್ತಿತ್ತು. ಹುಡುಗಿ ಕರವಸ್ತ್ರವನ್ನು ಹಿಂಡುತ್ತಿದ್ದಳು. ಕಂಡಕ್ಟರ್ ಜವಾನನ ಜೇಬಿಗೆ ಏನೋ ತುರುಕಿದ. ಬೆರಳು ಓಡಿತು, ಜಾಹೀರಾತುಗಳು ಒಂದೊಂದಾಗಿ ಬಿದ್ದವು, ಪ್ರಿಂಟರ್ ನರಳಿತು. ಹೊರಬಂದ ಪ್ರಮಾಣಪತ್ರದ ಮೇಲೆ ಗುರಾಣಿಯ ಲಾಂಛನವಿತ್ತು. ಕೆಳಗೆ ಹೀಗಿತ್ತು: "ಮಹಾರಕ್ಷಕದ ಪೂರ್ಣ ಆವೃತ್ತಿ ಖರೀದಿಸದ ಕಾರಣ ಈ ದಾಖಲೆಯನ್ನು ಒಂದು ತಿಂಗಳ ಉಚಿತ ಪ್ರಯೋಗಾವಧಿಗೆ ನೀಡಲಾಗಿದೆ."

"ಅಂದ್ರೆ ಮುಂದಿನ ತಿಂಗಳು ನಾವು ಗಂಡ ಹೆಂಡ್ತಿ ಅಲ್ವಾ ಸಾರ್?" ಹುಡುಗಿ ಕೇಳಿದಳು.

"ನವೀಕರಿಸಿದರೆ ಹೌದು. ನವೀಕರಣವೂ ಉಚಿತ. ಗಾಬರಿಪಡುವಂಥದ್ದು ಏನೂ ಇಲ್ಲ."

ಅವಳು ಕಣ್ಣೊರೆಸಿಕೊಂಡು, ಒಂದು ತಿಂಗಳಾದರೂ ಸಿಕ್ಕಿತಲ್ಲ ಎಂದುಕೊಂಡು ಸಹಿ ಹಾಕಿದಳು. ಕಂಡಕ್ಟರ್ ಪತ್ರವನ್ನು ಟಿಕೆಟ್ ಚೀಲದಲ್ಲಿಟ್ಟುಕೊಂಡು ಊರಿನ ಡಿಪೋಗೆ ಓಡಿದ. ಡಿಪೋ ವ್ಯವಸ್ಥಾಪಕರ ಕಂಪ್ಯೂಟರಿನಲ್ಲೂ ಆಗ ಕೆಂಪು ಪರದೆ ಬೆಳಗುತ್ತಿತ್ತು. ಅವರು ಪತ್ರದ ಗುರಾಣಿಯನ್ನು ಪರದೆಯ ಗುರಾಣಿಯ ಪಕ್ಕ ಹಿಡಿದು ತಾಳೆ ನೋಡಿ, ಎರಡೂ ಒಂದೇ ಇವೆ, ಅಸಲಿ ದಾಖಲೆ ಎಂದು ಷರಾ ಬರೆದು ವರ್ಗಾವಣೆಯನ್ನು ಒಂದು ತಿಂಗಳ ಮಟ್ಟಿಗೆ ತಡೆಹಿಡಿದರು.

ಆಮೇಲೆ ಮದುವೆಯಾದ ಎಲ್ಲರಿಗೂ ಹೀಗೆಯೇ ಆಯಿತು. ಜೋಡಿಗಳು ತಿಂಗಳಿಗೊಮ್ಮೆ ಬಂದು, ಬೆಂಚಿನ ಮೇಲೆ ಕೂತು, ಜಾಹೀರಾತು ಕೇಳಿಸಿಕೊಂಡು, ಮತ್ತೆ ಗಂಡ ಹೆಂಡತಿಯಾಗಿ ಹೋಗುತ್ತಿದ್ದರು. ಒಂದೇ ಮದುವೆ ವರ್ಷದಲ್ಲಿ ಹನ್ನೆರಡು ಸಲ ಲೆಕ್ಕಕ್ಕೆ ಬಂದದ್ದರಿಂದ ಕಚೇರಿಗೆ ಅತ್ಯುತ್ತಮ ಸಾಧನೆಯ ಫಲಕ ಬಂತು. ವೈರಸ್ ತೆಗೆಸುವ ಪ್ರಸ್ತಾಪವನ್ನು ಅಭಿವೃದ್ಧಿಗೆ ಮಾರಕವೆಂದು ಕೈಬಿಡಲಾಯಿತು.

ಒಂದು ಸಲ ನವೀಕರಣಕ್ಕೆ ಕಂಡಕ್ಟರ್ ದಂಪತಿ ಬಂದಾಗ ಇಬ್ಬರ ಮುಖವೂ ಊದಿಕೊಂಡಿತ್ತು. ಜೊತೆಗೆ ಬಂದ ಚಿಕ್ಕಮ್ಮ ಕಾರಣ ವಿವರಿಸಿದರು. ಅವನು ಅಡುಗೆಮನೆಯಲ್ಲಿ ಹೆಂಡತಿಗೆ, ಮುಂದೆ ಸರೀರಿ, ದಾರಿ ಬಿಡಿ ಎಂದಿದ್ದ. ಅವಳು, ಡಾಕ್ಟರ ಚೀಟಿ ಇಲ್ಲದೆ ನಿನಗೆ ಊಟ ಕೊಡಲಾರೆ ಎಂದಿದ್ದಳು. ಅಂದಿನಿಂದ ಮಾತಿಲ್ಲ.

"ನವೀಕರಿಸಿ, ರದ್ದುಮಾಡಿ," ಎಂದು ಅಧಿಕಾರಿಗಳು ಪರದೆಯ ಮೇಲಿನ ಆಯ್ಕೆಗಳನ್ನು ಓದಿದರು. "ಕೆಳಗೆ ಸಣ್ಣ ಅಕ್ಷರದಲ್ಲಿ, ನಂತರ ನೆನಪಿಸಿ."

ಕಂಡಕ್ಟರ್ ಫ್ಯಾನ್ ನೋಡುತ್ತಿದ್ದ. ಅವಳು ಅವನ ಅಂಗಿಯಲ್ಲಿ ಗುಂಡಿ ಕಿತ್ತುಹೋಗಿದ್ದ ಜಾಗವನ್ನು ನೋಡುತ್ತಿದ್ದಳು.

"ನಂತರ ನೆನಪಿಸಿ," ಎಂದಳು.

"ನನಗೂ ಅದೇ ಇರಲಿ ಸಾರ್," ಎಂದ ಅವನು.

ಅಧಿಕಾರಿಗಳು ನಿಯಮ ಪುಸ್ತಕ ತಿರುವಿ, ನಿಷೇಧವಿಲ್ಲ ಎಂದು ಘೋಷಿಸಿದರು. ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಹೋದರು. ಕಿಟಕಿ ಪಕ್ಕದ ಸೀಟನ್ನು ಅವನು ಮಾತಾಡದೆಯೇ ಅವಳಿಗೆ ಬಿಟ್ಟುಕೊಟ್ಟ.

ಸಾಲಿನಲ್ಲಿದ್ದ ಉಳಿದ ಜೋಡಿಗಳೂ ಅದನ್ನೇ ಆರಿಸಿಕೊಂಡರು. ಈಗ ಊರಿನ ಬಹುಪಾಲು ಸಂಸಾರಗಳು ಆ ಆಧಾರದ ಮೇಲೆಯೇ ನಡೆಯುತ್ತಿವೆ, ಯಾರಿಂದಲೂ ದೂರಿಲ್ಲ. ಈ ಸೌಲಭ್ಯವನ್ನು ಹಳೆಯ ಮದುವೆಗಳಿಗೂ ವಿಸ್ತರಿಸಬೇಕೆಂದು ಚಿಕ್ಕಮ್ಮ ಅರ್ಜಿ ಸಲ್ಲಿಸಿದ್ದಾರೆ. ಅರ್ಜಿಗೆ ಚಿಕ್ಕಪ್ಪನೂ ಸಹಿ ಹಾಕಿದ್ದಾರೆ.