ಅಧ್ಯಕ್ಷಗಿರಿ ತಪ್ಪಿಸಿಕೊಳ್ಳಲು ಹತ್ತಿದ ಬಸ್ಸು

ಈಗಲೇ ಹೇಳಲೇ, ಮುಂದಿನ ಸಿಗ್ನಲ್ ಬಂದ ಮೇಲೆ ಹೇಳಲೇ? ಹೇಳುವುದಾದರೂ ಎಷ್ಟು ಗಟ್ಟಿಯಾಗಿ? ಮೆಲ್ಲಗೆ ಹೇಳಿದರೆ ಯಾರಿಗೂ ಕೇಳಿಸದು. ಗಟ್ಟಿಯಾಗಿ ಹೇಳಿದರೆ ಬಸ್ಸಿನಲ್ಲಿರುವ ಎಂಬತ್ತು ಜನ ತಿರುಗಿ ನೋಡುತ್ತಾರೆ. 'ಇಳೀಬೇಕು, ಸ್ವಲ್ಪ ದಾರಿ ಬಿಡಿ.' ಕಿತಗಾಕಿ ಈ ಮಾತನ್ನು ಮನಸ್ಸಿನಲ್ಲೇ ಮೂರು ಬಾರಿ ಆಡಿ ನೋಡಿದ. ಮೂರು ಬಾರಿಯೂ ಒರಟಾಗಿಯೇ ಕೇಳಿಸಿತು.

ನವೆಂಬರಿನ ಭಾನುವಾರ, ಬೆಳಗ್ಗೆ ಹತ್ತೂಕಾಲು. ಮೇಪಲ್ ಎಲೆ ಕೆಂಪಾಗುವ ಈ ತಿಂಗಳಲ್ಲಿ ಕ್ಯೋಟೋದ ಬಸ್ಸೆಂದರೆ ಉಪ್ಪಿನಕಾಯಿ ಜಾಡಿ. ಮೇಲೊಂದು ಕಲ್ಲು ಹೇರುವುದಷ್ಟೇ ಬಾಕಿ. ಅತ್ತೆಯನ್ನು ರೈಲು ಹತ್ತಿಸಿ ಮನೆಗೆ ಹೊರಟ ಕಿತಗಾಕಿ ಹಿಂದಿನ ಬಾಗಿಲಲ್ಲಿ ಹತ್ತಿದ್ದ. ಇಳಿಯುವುದು ಮುಂದಿನ ಬಾಗಿಲಲ್ಲಿ. ನಡುವೆ ಪ್ರವಾಸಿಗರ ಸೂಟ್‌ಕೇಸುಗಳು ಕೋಟೆ ಕಟ್ಟಿದ್ದವು.

ಹನ್ನೊಂದಕ್ಕೆ ಓಣಿಯ ಸಂಘದ ಸಭೆ, ಹೊಸ ಅಧ್ಯಕ್ಷರ ಆಯ್ಕೆ. ಆ ಓಣಿಯಲ್ಲಿ ಅಧ್ಯಕ್ಷಗಿರಿಗೆ ಯಾರೂ ಆಸೆಪಡುವುದಿಲ್ಲ. ಸಭೆಗೆ ಬಾರದವರ ತಲೆಗೆ ಕಟ್ಟಿ ಎದ್ದುಹೋಗುತ್ತಾರೆ. ಆಮೇಲೆ ಎರಡು ವರ್ಷ ಬಿಡುಗಡೆಯಿಲ್ಲ. ಕಾಗೆ ಕೆದರದಂತೆ ಕಸಕ್ಕೆ ಬಲೆ ಹೊದಿಸಬೇಕು, ಯಾರ ನಾಯಿ ಯಾರ ಹೊಸ್ತಿಲಲ್ಲಿ ಕಾಲೆತ್ತಿತು ಎಂಬ ದೂರನ್ನು ನಗುನಗುತ್ತ ಕೇಳಬೇಕು. ಅದೂ ಭಾನುವಾರಗಳಂದು. ಭಾನುವಾರ ಕಾಮೋ ನದಿಯ ದಂಡೆಯಲ್ಲಿ ಯಾರೊಂದಿಗೂ ಮಾತಾಡದೆ ಕೂರುವುದು ಕಿತಗಾಕಿಗೆ ಬದುಕಿನಲ್ಲಿ ಉಳಿದಿದ್ದ ಒಂದೇ ಸುಖ.

ಹೆಂಡತಿ ಫುಮಿಯೆಗೆ ಭಾನುವಾರವೂ ಅಂಗಡಿಯಲ್ಲಿ ಕೆಲಸ. ಹೊರಡುವಾಗ ಹೇಳಿದ್ದಳು, "ನೀವು ಅಲ್ಲಿ ಹೋಗಿ ಕಂಬದ ಥರ ಕೂತ್ರೆ ಸಾಕು. ಅಷ್ಟಾದ್ರೂ ಆಗುತ್ತಲ್ವಾ ನಿಮ್ ಕೈಲಿ?"

ಅವನ ನಿಲ್ದಾಣ ಉಮಾಮಾಚಿ ಬಂತು. ಬಸ್ಸು ನಿಲ್ಲಿಸಲು ಗುಂಡಿ ಒತ್ತಿದ್ದು ಅವನೇ. ಬಸ್ಸು ನಿಂತಿತು, ಮುಂದಿನ ಬಾಗಿಲು ತೆರೆಯಿತು, ಯಾರೂ ಇಳಿಯಲಿಲ್ಲ. ಇಳಿಯುವವರು ಇದ್ದೀರಾ ಎಂದು ಚಾಲಕ ಮೈಕಿನಲ್ಲಿ ಎರಡು ಸಲ ವಿನಯದಿಂದ ವಿಚಾರಿಸಿದ. ಸುಮ್ಮಸುಮ್ಮನೆ ಗುಂಡಿ ಒತ್ತಿದ ಪುಣ್ಯಾತ್ಮ ಯಾರೆಂದು ಎಲ್ಲರೂ ಸುತ್ತ ನೋಡಿದರು. ಕಿತಗಾಕಿಯೂ ಸುತ್ತ ನೋಡಿದ. ಬಾಗಿಲು ಮುಚ್ಚಿತು.

ಮುಂದಿನ ನಿಲ್ದಾಣದಲ್ಲಿ ಅರ್ಧ ಬಸ್ಸೇ ಇಳಿಯಲು ಎದ್ದಿತು. ಕಿತಗಾಕಿ ಒಬ್ಬ ಅಜ್ಜಿಗೆ ದಾರಿ ಬಿಟ್ಟ. ಅಜ್ಜಿಯ ಹಿಂದಿದ್ದವರಿಗೂ ಬಿಟ್ಟ. ನೀನು ಇಳಿಯುವುದಿಲ್ಲವೇನಪ್ಪ ಎಂದು ಅಜ್ಜಿ ಕೇಳಿದ್ದಕ್ಕೆ, ಪರವಾಗಿಲ್ಲ, ತಾವು ಮೊದಲು ಎಂದ. ಹತ್ತೊಂಬತ್ತು ಜನಕ್ಕೆ ತಲೆಬಾಗಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟಿತ್ತು. ಕೊನೆಗೆ ಗಿಯೋನ್‌ನಲ್ಲಿ ಅವನಾಗಿ ಇಳಿಯಲಿಲ್ಲ. ಆಳೆತ್ತರದ ಒಂದು ಸೂಟ್‌ಕೇಸು ಅವನನ್ನು ತಳ್ಳಿಕೊಂಡು ಇಳಿಯಿತು.

ವಾಪಸ್ ಹೋಗುವ ಬಸ್ಸುಗಳು ಒಂದರ ಹಿಂದೊಂದು ತುಂಬಿ ಬಂದವು. ನಾಲ್ಕನೆಯದನ್ನೂ ಬಿಟ್ಟುಕೊಟ್ಟು ನದಿ ಪಕ್ಕದ ರೈಲು ನಿಲ್ದಾಣಕ್ಕೆ ಓಡಿದ, ಸಿಕ್ಕಿದ ರೈಲು ಹತ್ತಿದ. ಅದು ವೇಗದ ರೈಲು. ಅವನ ಮನೆಗೆ ಹತ್ತಿರದ ಗೋಜೋ ನಿಲ್ದಾಣದ ಕಡೆ ತಿರುಗಿಯೂ ನೋಡದೆ ಮುಂದೆ ಹೋಯಿತು. ಕ್ಯೋಟೋದಲ್ಲಿ ಹುಟ್ಟಿದವರು ಯಾರೂ ಮಾಡದ ತಪ್ಪು ಇದು. ಕಿತಗಾಕಿ ಹುಟ್ಟಿದ್ದು ಕ್ಯೋಟೋದಲ್ಲೇ, ಅವನ ಅಜ್ಜನೂ ಕೂಡ.

ಅದರಾಚೆಯ ನಿಲ್ದಾಣ ಶಿಚಿಜೋದಲ್ಲಿ ಇಳಿದು ಏರಿನಲ್ಲಿ ಓಡತೊಡಗಿದ. ಅಂಗಡಿ ಮುಂದೆ ನೀರು ಚಿಮುಕಿಸುತ್ತಿದ್ದವಳು, ಇಂಥ ಚಳಿಯಲ್ಲೂ ಒಳ್ಳೆ ವ್ಯಾಯಾಮ ಎಂದು ಹೊಗಳಿದಳು. ನಿಮಗೆ ಬುದ್ಧಿ ನೆಟ್ಟಗಿದೆಯೇ ಎಂಬುದನ್ನು ಆ ಊರಿನಲ್ಲಿ ಕೇಳುವ ಬಗೆ ಅದು.

ದೇವಾಲಯದ ಸಭಾಂಗಣದ ಬಾಗಿಲು ಸರಿಸಿದಾಗ ಹನ್ನೊಂದೂ ಇಪ್ಪತ್ತು. ಓಣಿಯವರು ಆಗಷ್ಟೇ ಏಳುತ್ತಿದ್ದರು. ಕಿತಗಾಕಿ ಯಾರ ಮುಖವನ್ನೂ ನೋಡದೆ ಮಂಡಿಯೂರಿ ಚಾಪೆಗೆ ಹಣೆ ಹಚ್ಚಿದ. "ತಡ ಆಯ್ತು... ದಯವಿಟ್ಟು..." ಎಂದ. ಮುಂದಿನ ಮಾತಿಗೆ ಉಸಿರು ಉಳಿದಿರಲಿಲ್ಲ.

ತಲೆಯೆತ್ತಿದಾಗ ಕಪ್ಪುಹಲಗೆ ಕಂಡಿತು. 'ಹೊಸ ಅಧ್ಯಕ್ಷರು: ಹಲ್ಲಿನ ಡಾಕ್ಟರ್ ಸುಗಿಮೋರಿ.' ಡಾಕ್ಟರು ಯಾವುದೋ ಮದುವೆಗೆಂದು ಒಸಾಕಾಗೆ ಹೋಗಿದ್ದರು. ಇಬ್ಬರು ಬಾರದವರಲ್ಲಿ ಹಿರಿಯರೆಂದು ಅವರನ್ನೇ ಆರಿಸಿ ಮುಗಿದಿತ್ತು.

ಹಳೆಯ ಅಧ್ಯಕ್ಷ ಯಾಸುಯಿ ಕನ್ನಡಕ ಸರಿಮಾಡಿಕೊಂಡರು. ಪ್ರವಾಸಿಗರಿಗೆ ದಿನವಿಡೀ ಐಸ್‌ಕ್ರೀಮ್ ಮಾರಿ, ಸಂಜೆ ಕೂತು ಪ್ರವಾಸಿಗರ ವಿರುದ್ಧ ಪತ್ರಿಕೆಗೆ ಪತ್ರ ಬರೆಯುವವರು ಅವರು. "ನಲವತ್ತು ವರ್ಷದಲ್ಲಿ ಈ ಸಭೆಗೆ ಓಡಿ ಬಂದೋರನ್ನ ನಾನು ನೋಡಿಲ್ಲ, ಕಿತಗಾಕಿ-ಸಾನ್."

"ಪಾಪ, ಎಷ್ಟು ದಿನದಿಂದ ಆಸೆ ಇಟ್ಕೊಂಡಿದ್ರೋ," ಎಂದಳು ಎದುರುಮನೆಯ ಹತ್ತಾ. "ಬಾಯಿಬಿಟ್ಟು ಕೇಳೋ ಪೈಕಿ ಅಲ್ವಲ್ಲ ಅವರು."

ಯಾಸುಯಿ ಹಲಗೆಯ ಮೇಲಿದ್ದ ಡಾಕ್ಟರ ಹೆಸರನ್ನು ಅಂಗಿಯ ತೋಳಿನಿಂದಲೇ ಒರೆಸಿದರು. "ಇಲ್ಲದೋರ ತಲೆಗೆ ಕಟ್ಟೋದು ನ್ಯಾಯ ಅಲ್ಲ ನೋಡಿ," ಎಂದರು, ಆ ನ್ಯಾಯವನ್ನು ಅಂದೇ ಕಂಡುಹಿಡಿದವರಂತೆ.

ಎಲ್ಲರೂ ಮತ್ತೆ ಕೂತು ಚಪ್ಪಾಳೆ ತಟ್ಟಿದರು. ಯಾರೋ ಮುಂದಿನ ಸಾಲಿನಲ್ಲಿ ದಿಂಬು ಹಾಕಿದರು. ದಾರಿಯಲ್ಲಿ ಇನ್ನೊಂದು ಸಿಗ್ನಲ್ ಕೆಂಪಾಗಿದ್ದರೆ ಈ ಹೊತ್ತಿಗೆ ಬಾಗಿಲಿಗೆ ಬೀಗ ಬಿದ್ದಿರುತ್ತಿತ್ತು. ಕಿತಗಾಕಿ ಬಾಯಿ ತೆರೆದ. ಇಪ್ಪತ್ತಾರು ಮುಖಗಳು ಅವನತ್ತ ತಿರುಗಿದವು. ಮೂಲೆಯ ಕೆಟಲಿನಲ್ಲಿ ನೀರು ಕಾಯುವುದು ಕೇಳಿಸುತ್ತಿತ್ತು.

"ತಮ್ಮೆಲ್ಲರ ಸಹಕಾರ ಇರಲಿ," ಎಂದು ತಲೆಬಾಗಿದ.